ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು

ಬೆಂಕಿ ಆರಿದ ಮೇಲೆ ಅವಳ ಕೆಲಸ ಶುರುವಾಗುತ್ತಿತ್ತು. ಅಗ್ನಿಶಾಮಕದವರು ಪೈಪು ಸುತ್ತಿಕೊಂಡು ಹೋಗಬೇಕು. ಪೊಲೀಸರು ಹಗ್ಗ ಕಟ್ಟಬೇಕು. ಪೇಪರಿನವರು ಫೋಟೋ ತೆಗೆದುಕೊಳ್ಳಬೇಕು. ಹೆಣಗಳು ಕೆಳಗಿಳಿಯಬೇಕು. ಆಮೇಲೆ ಬೆಂಕಿ ತನಿಖೆಯ ಪ್ರಯೋಗಾಲಯದ ಜೀಪು ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಸಾಹೇಬರು. ಹಿಂದೆ ಬಕೆಟ್ಟು, ಸಲಿಕೆ, ಜರಡಿಗಳ ನಡುವೆ ಅವಳು.

ಹಾಜರಿ ಪುಸ್ತಕದಲ್ಲಿ ಅವಳು 'ಕಸ ಗುಡಿಸುವವಳು, ಹಂಗಾಮಿ'. ಹತ್ತೊಂಬತ್ತು ವರ್ಷದಿಂದ ಹಂಗಾಮಿ. ಎಲ್ಲರೂ ಅವಳನ್ನು ಜರಡಿ ಎಂದೇ ಕರೆಯುತ್ತಿದ್ದರು. ಹಿರಿಯರೂ ಜರಡೀ ಎಂದು ಕೂಗುತ್ತಿದ್ದರು, ಮೊನ್ನೆ ಸೇರಿದ ಮೀಸೆ ಬಾರದ ಹುಡುಗರೂ ಜರಡೀ ಎಂದು ಕೂಗುತ್ತಿದ್ದರು. ಆ ವಿಷಯದಲ್ಲಿ ಪ್ರಯೋಗಾಲಯದಲ್ಲಿ ಯಾವ ಭೇದವೂ ಇರಲಿಲ್ಲ.

ಬೇರೆ ವಿಷಯಗಳಲ್ಲಿ ಇತ್ತು. ಎಲ್ಲರ ಚಹಾ ಮೇಜಿನ ಮೇಲೆ ಬರುತ್ತಿತ್ತು, ಅವಳದು ಹೊರಗಿನ ಕಿಟಕಿಯ ಕಟ್ಟೆಯ ಮೇಲೆ. "ಹೆಣದ ಬೂದಿ ಮುಟ್ಟಿದ ಕೈ, ಏನೂ ಅಂದ್ಕೋಬೇಡ," ಎಂದು ಗುಮಾಸ್ತ ಮೊದಲ ದಿನವೇ ಹೇಳಿಬಿಟ್ಟಿದ್ದ. ಸಾಹೇಬರೂ ಅದೇ ಹೆಣಗಳ ನಡುವೆ ಓಡಾಡಿ ಬರುತ್ತಿದ್ದರು. ಅವರ ಕೈಯ ಬಗ್ಗೆ ಗುಮಾಸ್ತ ಏನೂ ಹೇಳಿರಲಿಲ್ಲ. ಅವಳೂ ಏನೂ ಅಂದುಕೊಳ್ಳಲಿಲ್ಲ. ಚಹಾ ಕಿಟಕಿಯಲ್ಲಿ ಬೇಗ ಆರುತ್ತಿತ್ತು, ಅಷ್ಟೆ.

ಕೆಲಸ ಇದು: ಸುಟ್ಟ ಕೋಣೆಯಲ್ಲಿ ಮಂಡಿಯೂರಿ ಕೂರಬೇಕು. ಒದ್ದೆ ಬೂದಿಯನ್ನು ಸಲಿಕೆಯಲ್ಲಿ ಎತ್ತಿ ಮೊದಲು ದೊಡ್ಡ ಕಣ್ಣಿನ ಜರಡಿಗೆ, ಆಮೇಲೆ ಸಣ್ಣ ಕಣ್ಣಿನದಕ್ಕೆ ಹಾಕಬೇಕು. ಒಣ ಬೂದಿ ಮೂಗಿಗೆ ಹೋಗುತ್ತದೆ, ಒದ್ದೆ ಬೂದಿ ಸೊಂಟ ಮುರಿಯುತ್ತದೆ. ಜರಡಿಯಲ್ಲಿ ಉಳಿದದ್ದನ್ನು ಬೆರಳಿನಲ್ಲಿ ಆರಿಸಬೇಕು. ಗುಂಡಿ, ಬಳೆ, ಹಲ್ಲು, ಸ್ವಿಚ್ಚು, ವಯರಿನ ತುಂಡು. ಒಂದೊಂದನ್ನೂ ಚೀಲಕ್ಕೆ ಹಾಕಿ, ಸಾಹೇಬರು ಬರೆದುಕೊಟ್ಟ ಚೀಟಿ ಅಂಟಿಸಬೇಕು. ಕೊನೆಗೆ ಪಟ್ಟಿಯ ಕೆಳಗೆ, 'ಸಾಕ್ಷಿ' ಎಂದಿರುವ ಕಡೆ ಹೆಬ್ಬೆಟ್ಟು ಒತ್ತಬೇಕು.

ಸಾಹೇಬರು ತರಬೇತಿಯ ಹುಡುಗರಿಗೆ ಪಾಠ ಹೇಳುವಾಗ ಅವಳು ಪಕ್ಕದಲ್ಲೇ ಜರಡಿ ಹಿಡಿದಿರುತ್ತಿದ್ದಳು. ಕರೆಂಟು ಹರಿಯುತ್ತಿರುವಾಗ ಎರಡು ವಯರು ತಾಗಿದರೆ ತಾಮ್ರದ ತುದಿಯಲ್ಲಿ ಸಾಸಿವೆಕಾಳಿನಂಥ ಗುಂಡು ಕಟ್ಟುತ್ತದೆ. ಹೊರಗಿನ ಬೆಂಕಿಯಲ್ಲಿ ಕರಗಿದ ತಾಮ್ರ ಮೇಣದಂತೆ ಜೋಲುತ್ತದೆ. ತಾಳಲಾರದಷ್ಟು ಕರೆಂಟು ಎಳೆದ ವಯರು ಒಳಗಿನಿಂದ ಬೇಯುತ್ತದೆ, ಅದರ ಪ್ಲಾಸ್ಟಿಕ್ಕು ಸಡಿಲವಾಗಿ ಅಂಗಿಯ ತೋಳಿನ ಹಾಗೆ ಜಾರಿಬರುತ್ತದೆ. ಹುಡುಗರು ಬರೆದುಕೊಂಡು ಮರೆಯುತ್ತಿದ್ದರು. ಅವಳು ಬರೆದುಕೊಳ್ಳುತ್ತಿರಲಿಲ್ಲ, ಮರೆಯುತ್ತಲೂ ಇರಲಿಲ್ಲ. ಚೀಟಿ ಅಂಟಿಸಿ ಅಂಟಿಸಿ ಅಕ್ಷರಗಳೂ ಬಂದವು. ಮೊದಲು ಕಲಿತ ಪದ 'ವಯರು'. ಎರಡನೆಯದು 'ಮೂಳೆ'. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಸಲ ಸುಟ್ಟಿದ್ದು ಒಂದು ಹೊಲಿಗೆ ಕಾರ್ಖಾನೆ. ಹಳೇ ಕಟ್ಟಡದ ಮೂರನೆಯ ಮಹಡಿ, ನಲವತ್ತು ಹೊಲಿಗೆ ಯಂತ್ರ, ಕಿಟಕಿಗಳಿಗೆ ಕಬ್ಬಿಣದ ಸರಳು. ಮಟಮಟ ಮಧ್ಯಾಹ್ನ, ಊಟದ ಹೊತ್ತು. ಊಟಕ್ಕೆಂದು ಹೊರಗೆ ಬಿಟ್ಟರೆ ತಡವಾಗಿ ಬರುತ್ತಾರೆಂದು ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ. ಬೀಗ ಒಡೆದು ಉಳಿದವರನ್ನು ಹೊರಗೆಳೆಯುವ ಹೊತ್ತಿಗೆ ಬಾಗಿಲ ಹಿಂದೆ ಆರು ಹೆಂಗಸರು ಒಬ್ಬರ ಮೇಲೊಬ್ಬರು ಸತ್ತುಬಿದ್ದಿದ್ದರು. ಆರನೆಯವಳು ಹೊಲಿದ ಬಟ್ಟೆಗೆ ಇಸ್ತ್ರಿ ಹಾಕುವವಳು.

ಮರುದಿನದ ಪೇಪರಿನಲ್ಲೇ ಬಂತು: ಇಸ್ತ್ರಿಯವಳು ಪೆಟ್ಟಿಗೆ ಆರಿಸದೆ ಊಟಕ್ಕೆ ಕೂತಳು, ಬಟ್ಟೆಗೆ ಬೆಂಕಿ ಹತ್ತಿತು. ಹೇಳಿದವನು ಮಾಲೀಕ. ಅವನು ಆ ದಿನ ಆ ಊರಲ್ಲೇ ಇರಲಿಲ್ಲ. ಇಲ್ಲದಿದ್ದವನಿಗೆ ಎಲ್ಲ ಕಂಡಿತ್ತು.

ಉಳಿದ ಐವರ ಮನೆಯವರು ಇಸ್ತ್ರಿಯವಳ ಹೆಣವನ್ನು ತಮ್ಮವರ ಪಕ್ಕ ಹೂಳಲು ಬಿಡಲಿಲ್ಲ. ಅವಳ ಮುದಿ ತಾಯಿಯ ಮನೆಯ ಬಾಗಿಲಿಗೆ ಯಾರೋ ಇದ್ದಿಲಿನಲ್ಲಿ 'ಕೊಲೆಗಡುಕಿ' ಎಂದು ಬರೆದರು. ಮುದುಕಿ ಅದನ್ನು ಒರೆಸಿದಳು. ಮತ್ತೆ ಬರೆದರು. ಮತ್ತೆ ಒರೆಸಿದಳು. ಆಮೇಲೆ ದಿನಾ ಪ್ರಯೋಗಾಲಯದ ಗೇಟಿಗೆ ಬಂದು ನಿಲ್ಲತೊಡಗಿದಳು. ಅವಳದು ಒಂದೇ ಪ್ರಶ್ನೆ.

"ನನ್ನ ಮಗಳು ಇಸ್ತ್ರಿ ಆರಿಸಿದ್ಲಾ, ಇಲ್ವಾ? ಅಷ್ಟು ಹೇಳಿಬಿಡಿ, ಹೋಗ್ತೀನಿ."

"ವರದಿ ಬರ್ಬೇಕು ಅಜ್ಜಿ," ಎನ್ನುತ್ತಿದ್ದ ಗುಮಾಸ್ತ.

ಆ ಮಹಡಿಯಲ್ಲಿ ಜರಡಿ ನಾಲ್ಕು ದಿನ ಮಂಡಿಯೂರಿದ್ದಳು. ಎರಡನೆಯ ದಿನ ಇಸ್ತ್ರಿ ಪೆಟ್ಟಿಗೆ ಸಿಕ್ಕಿತು. ಗೋಡೆಯ ಸಾಕೆಟ್ಟಿನಿಂದ ಎಂಟು ಅಡಿ ದೂರ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದ ಹಾಗೇ ಇತ್ತು. ವಯರಿನ ಪ್ಲಾಸ್ಟಿಕ್ಕು ಸುಟ್ಟುಹೋಗಿತ್ತು. ತಾಮ್ರ ಮಾತ್ರ ಹಿಡಿಕೆಯ ಸುತ್ತ ಐದು ಸುತ್ತು, ಹೆರಳು ಸುತ್ತಿದ ಹಾಗೆ, ಒಪ್ಪವಾಗಿ ಕೂತಿತ್ತು. ತುದಿಯಲ್ಲಿ ಪ್ಲಗ್ಗು. ಅದರ ಮೂರೂ ಪಿನ್ನು ಬುಡದಿಂದ ತುದಿಯವರೆಗೆ ಕಡುಗಪ್ಪು.

ಅವಳು ಪಿನ್ನನ್ನು ತುಂಬ ಹೊತ್ತು ನೋಡಿದಳು. ಪ್ಲಗ್ಗು ಗೋಡೆಯಲ್ಲಿ ಸಿಕ್ಕಿಸಿದ್ದರೆ ಪಿನ್ನು ಸಾಕೆಟ್ಟಿನ ಒಳಗಿರುತ್ತದೆ, ಹೊಗೆ ತಾಗುವುದಿಲ್ಲ, ಎಳೆದರೆ ಒಳಗಿದ್ದಷ್ಟು ಭಾಗ ಹಿತ್ತಾಳೆಯ ಬಣ್ಣದಲ್ಲೇ ಬರುತ್ತದೆ. ಇದೂ ಸಾಹೇಬರ ಪಾಠವೇ. ಈ ಪಿನ್ನಿನಲ್ಲಿ ಹೊಗೆ ತಾಗದ ಜಾಗ ಎಳ್ಳಷ್ಟೂ ಇರಲಿಲ್ಲ. ಬೆಂಕಿ ಬಂದಾಗ ಇದು ಗೋಡೆಯಲ್ಲಿ ಇರಲಿಲ್ಲ. ಅದನ್ನು ಏಳನೆಯ ಚೀಲಕ್ಕೆ ಹಾಕಿದಳು.

ನಾಲ್ಕನೆಯ ದಿನ ಬಾಗಿಲ ಬಳಿಯ ಮೇನ್ ಬೋರ್ಡಿನ ಬುಡದಲ್ಲಿ ಪಿಂಗಾಣಿಯ ಫ್ಯೂಸು ಸಿಕ್ಕಿತು. ಫ್ಯೂಸಿನಲ್ಲಿ ಕೂದಲೆಳೆಯಂಥ ತಂತಿ ಇರಬೇಕು. ಕರೆಂಟು ಹೆಚ್ಚಾದರೆ ಅದು ತಾನು ಕರಗಿ ಉಳಿದವರನ್ನು ಉಳಿಸುತ್ತದೆ. ಇದರಲ್ಲಿ ಊದುಬತ್ತಿ ದಪ್ಪದ ತಾಮ್ರ ಬಿಗಿದಿತ್ತು. ಕರಗಿರಲಿಲ್ಲ. ಕರಗುವ ಉದ್ದೇಶವೇ ಅದಕ್ಕಿರಲಿಲ್ಲ. ಬೋರ್ಡಿನಿಂದ ಹೊರಟ ವಯರುಗಳು ಒಳಗಿನಿಂದ ಬೆಂದಿದ್ದವು. ಎರಡರ ತುದಿಯಲ್ಲಿ ಸಾಸಿವೆಕಾಳು.

"ಸಾರ್, ಇಲ್ನೋಡಿ," ಎಂದಳು.

ಸಾಹೇಬರು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಹನ್ನೊಂದನೇ ಚೀಲಕ್ಕೆ ಹಾಕು," ಎಂದರು.

ಆ ವಾರ ಮಾಲೀಕನ ಬಿಳಿ ಕಾರು ಎರಡು ಸಲ ಪ್ರಯೋಗಾಲಯಕ್ಕೆ ಬಂದು ಹೋಯಿತು. ಏನು ಮಾತಾಯಿತೋ ಅವಳಿಗೆ ಗೊತ್ತಿಲ್ಲ, ಬಾಗಿಲು ಹಾಕಿತ್ತು. ಮಾಲೀಕನ ಚಹಾ ಒಳಗೆ ಹೋದದ್ದನ್ನು ಮಾತ್ರ ಕಂಡಳು.

ಸೋಮವಾರ ಗುಮಾಸ್ತ ಕರೆದ. "ಜರಡೀ, ಬಾ, ಒತ್ತು."

ಮೇಜಿನ ಮೇಲೆ ಪಟ್ಟಿ, ಪಕ್ಕದಲ್ಲಿ ನೀಲಿ ಶಾಯಿಯ ಪ್ಯಾಡು. ಸಾಹೇಬರು ಕುರ್ಚಿಯಲ್ಲಿ ಕೂತು ಬೇರೇನೋ ಫೈಲು ನೋಡುತ್ತಿದ್ದರು. ಅವಳು ಪ್ಯಾಡಿನ ಕಡೆ ಕೈ ಚಾಚಲಿಲ್ಲ.

"ಏನ್ ಬರೆದಿದೆ, ಓದಿ ಹೇಳಿ ಸ್ವಾಮಿ."

ಗುಮಾಸ್ತನಿಗೆ ನಗು ಬಂತು. "ಇದೇನು ಹೊಸ ಶೋಕಿ? ಎಂದಿನಂತೆಯೇ. ಇಸ್ತ್ರಿ ಪೆಟ್ಟಿಗೆ ಒಂದು, ವಯರು ಇಷ್ಟು, ಸ್ವಿಚ್ಚು ಇಷ್ಟು, ಎಲ್ಲ ಸರಿಯಾಗಿ ಸಿಕ್ಕಿದೆ ಅಂತ."

"ಅಲ್ಲಿ ಹಾಗೆ ಬರೆದಿಲ್ವಲ್ಲ."

ಅವಳು ಪಟ್ಟಿಯ ಮೇಲೆ ಬೆರಳಿಟ್ಟಳು.

"ಏಳನೇ ಸಾಲಲ್ಲಿ 'ಇಸ್ತ್ರಿ ಪೆಟ್ಟಿಗೆ, ಪ್ಲಗ್ಗು ಸಾಕೆಟ್ಟಿನಲ್ಲಿ ಸಿಕ್ಕಿಸಿದ ಸ್ಥಿತಿಯಲ್ಲಿ' ಅಂತಿದೆ. ಅದು ಸಾಕೆಟ್ಟಲ್ಲಿ ಇರ್ಲಿಲ್ಲ. ಎಂಟು ಅಡಿ ಆಚೆ ಇತ್ತು. ವಯರು ಸುತ್ತಿಟ್ಟಿತ್ತು. ಮತ್ತೆ ಹತ್ತಾದ ಮೇಲೆ ಹನ್ನೆರಡು ಬಂದಿದೆ. ಹನ್ನೊಂದು ಎಲ್ಲಿ?"

ಸಾಹೇಬರು ಫೈಲಿನಿಂದ ತಲೆಯೆತ್ತಿದರು. "ನಿನಗೆ ಓದೋಕೆ ಬರುತ್ತಾ?"

"ಹತ್ತೊಂಬತ್ತು ವರ್ಷ ನಿಮ್ಮ ಚೀಟಿ ಅಂಟಿಸಿದ್ದೀನಿ ಸಾರ್."

"ಮತ್ತೆ ಇಷ್ಟು ದಿನ ಹೆಬ್ಬೆಟ್ಟು ಯಾಕೆ ಒತ್ತಿದೆ?"

"ನೀವು ಪ್ಯಾಡು ಮುಂದಿಟ್ರಿ."

ಗುಮಾಸ್ತನ ನಗು ಹೋಗಿತ್ತು. ಅವನು ಮೇಜಿನ ಮೇಲೆ ಬಾಗಿ, ಹಲ್ಲು ಕಚ್ಚಿ ಹೇಳಿದ: "ಭಾರೀ ಸತ್ಯವಂತೆ ಬಂದ್ಲು. ಎರಡು ವರ್ಷದ ಹಿಂದೆ ಚಹಾ ಅಂಗಡಿಯವನ ಪಟ್ಟಿಗೂ ಒತ್ತಿದ್ಯಲ್ಲ, ಆಗ ಕಣ್ಣು ಕುರುಡಾಗಿತ್ತಾ?"

ಅದು ಅವಳಿಗೆ ತಾಗಿತು. ತಾಗಬೇಕಾದ ಕಡೆಯೇ ತಾಗಿತು. ಅಂಗಡಿಗಳ ಸಾಲು ಸುಟ್ಟಾಗ ಚಹಾದವನ ಗ್ಯಾಸ್ ಒಲೆಯ ತಿರುಪು ಮುಚ್ಚಿದ್ದನ್ನು ಬೂದಿಯಿಂದ ಎತ್ತಿದವಳು ಅವಳೇ. ಪಟ್ಟಿಯಲ್ಲಿ 'ತೆರೆದ ಸ್ಥಿತಿಯಲ್ಲಿ' ಎಂದಿತ್ತು. ಓದಿದ್ದಳು. ಆ ತಿಂಗಳು ಕಟ್ಟಡದ ಸಾರುವೆಯಿಂದ ಬಿದ್ದು ಗಂಡನ ಕಾಲು ಮುರಿದಿತ್ತು. ಒತ್ತಿದ್ದಳು. ಚಹಾದವನಿಗೆ ನಾಲ್ಕು ವರ್ಷ ಜೈಲಾಯಿತು. ಒಲೆ ಮುಚ್ಚಿತ್ತೆಂದು ಗುಮಾಸ್ತನಿಗೂ ಗೊತ್ತಿತ್ತು ಎನ್ನುವುದು ಅವಳಿಗೆ ಗೊತ್ತಾದದ್ದು ಈಗ.

"ಆಗ ಒತ್ತಿದೆ," ಎಂದಳು. "ಈಗ ಒತ್ತಲ್ಲ."

"ಇಲ್ಲಿ ಏನ್ ನಡೀತಿದೆ ಅಂತ ನಿನಗೆ ಅರ್ಥ ಆಗ್ತಿದ್ಯಾ?" ಸಾಹೇಬರು ಮೆಲ್ಲಗೆ ಕೇಳಿದರು. ಅವರು ಯಾವತ್ತೂ ಜೋರಾಗಿ ಮಾತಾಡಿದವರಲ್ಲ. "ಸತ್ತವಳು ಸತ್ತಳು. ಅವಳಿಗೆ ಇನ್ನು ಏನೂ ಆಗೋದಿಲ್ಲ. ಬದುಕಿದವರಿಗೆ ತೊಂದರೆ ಯಾಕೆ?"

"ಅವಳ ಅಮ್ಮ ಬದುಕಿದ್ದಾಳೆ. ಗೇಟಲ್ಲಿ ನಿಂತಿದ್ದಾಳೆ."

ಸಾಹೇಬರು ಮತ್ತೆ ಫೈಲು ತೆರೆದರು. ಗುಮಾಸ್ತ ಅವಳ ಮುಂಗೈ ಹಿಡಿದು ಪ್ಯಾಡಿನ ಕಡೆ ಎಳೆದ. ಹತ್ತೊಂಬತ್ತು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅವಳು ಮುಷ್ಟಿ ಬಿಗಿದಳು. ಒದ್ದೆ ಬೂದಿ ಎತ್ತಿ ಬಲಿತ ಕೈ. ಅವನು ಎರಡು ಕೈ ಹಾಕಿದ. ಮುಷ್ಟಿ ಬಿಚ್ಚಲಿಲ್ಲ. ಪ್ಯಾಡು ಉರುಳಿ ಅವನ ಅಂಗಿಗೆ ಶಾಯಿ ಹತ್ತಿತು.

"ಬಿಡಿ ಸ್ವಾಮಿ," ಎಂದಳು. "ಹೆಣದ ಬೂದಿ ಮುಟ್ಟಿದ ಕೈ."

ಅವನು ಬಿಟ್ಟ.

"ನಾಳೆಯಿಂದ ಬರಬೇಡ," ಎಂದರು ಸಾಹೇಬರು, ಫೈಲಿನಿಂದ ತಲೆಯೆತ್ತದೆ.

ಅವಳು ಹೊರಗೆ ಬಂದಳು. ಗೇಟಿನ ಬಳಿ ಮುದುಕಿ ಎಂದಿನ ಜಾಗದಲ್ಲೇ ನಿಂತಿದ್ದಳು. ಗುಮಾಸ್ತನಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ಜರಡಿಗೆ ಅವಳು ಒಮ್ಮೆಯೂ ಕೇಳಿರಲಿಲ್ಲ. ಬಕೆಟ್ಟು ಹಿಡಿದವಳಿಗೆ ಏನು ಗೊತ್ತಿರುತ್ತದೆ ಎಂದುಕೊಂಡಿದ್ದಳೇನೋ.

"ಅಮ್ಮಾ, ನಿನ್ನ ಮಗಳು ಪ್ಲಗ್ಗು ಕಿತ್ತಿದ್ಲು," ಎಂದಳು ಜರಡಿ. "ವಯರು ಸುತ್ತಿ, ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಊಟಕ್ಕೆ ಕೂತಿದ್ಲು. ನನ್ನ ಕೈಯಾರೆ ಎತ್ತಿದ್ದೀನಿ."

ಮುದುಕಿ ಅವಳನ್ನೇ ನೋಡಿದಳು. "ಎಷ್ಟು ಸುತ್ತು?"

"ಐದು."

"ಐದೇ," ಎಂದಳು ಮುದುಕಿ. "ಮನೇಲೂ ಹಾಗೇ. ರೇಡಿಯೋದು ಐದು ಸುತ್ತು. ಜಾಸ್ತಿ ಸುತ್ತಿದ್ರೆ ವಯರು ಮುರಿಯುತ್ತೆ ಅಮ್ಮ ಅಂತ ನನಗೇ ಬೈಯೋಳು." ಅಲ್ಲೇ ಗೇಟಿನ ಬುಡದಲ್ಲಿ ಕೂತುಬಿಟ್ಟಳು. ಅಷ್ಟು ದಿನ ನಿಂತೇ ಇದ್ದವಳು ಕೂತಳು. ಅಳು ಆಮೇಲೆ ಬಂತು. ಜರಡಿ ಪಕ್ಕದಲ್ಲಿ ಕೂತು ಅದು ಮುಗಿಯುವವರೆಗೆ ಕಾದಳು.

ಮನೆಯಲ್ಲಿ ಗಂಡ ಕೋಲೂರಿಕೊಂಡು ಪಾತ್ರೆ ತೊಳೆಯುತ್ತಿದ್ದ. ಅವಳು ದಿನಾ ಹಿತ್ತಲಲ್ಲಿ ಮೂರು ಬಕೆಟ್ ನೀರು ಸುರಿದುಕೊಂಡ ಮೇಲೆಯೇ ಒಳಗೆ ಬರುತ್ತಿದ್ದದ್ದು. ಕೆಲಸ ಹೋಯಿತೆಂದು ಹೇಳಿದಳು.

"ಹಾಗಾದ್ರೆ ಇನ್ನು ಒಂದೇ ಬಕೆಟ್ ಸಾಕು," ಎಂದ. ತೊಳೆದ ಪಾತ್ರೆ ಬೋರಲು ಹಾಕಿ, "ಚಹಾದವನ ವಿಷಯ ಬಂತಾ?" ಎಂದು ಕೇಳಿದ.

"ಬಂತು."

"ನನ್ನ ಕಾಲು ಮುರಿದಿತ್ತು ಅಂತ ಹೇಳಿದ್ಯಾ?"

"ಇಲ್ಲ. ಒತ್ತಿದ್ದು ನಿನ್ನ ಕಾಲಲ್ಲ."

ಪಟ್ಟಿಗೆ ಹೆಬ್ಬೆಟ್ಟು ಬಿತ್ತು. ಪ್ರಯೋಗಾಲಯದ ತೋಟದ ಆಳನ್ನು ಕರೆದು ಒತ್ತಿಸಿದರು. ಅವನು ಆ ಕಟ್ಟಡವನ್ನು ಕಣ್ಣಲ್ಲೂ ನೋಡಿರಲಿಲ್ಲ. ಆದ್ದರಿಂದ ಅವನಿಗೆ ಅನುಮಾನಗಳೂ ಇರಲಿಲ್ಲ.

ಆದರೆ ಸತ್ತವರು ಆರು ಮಂದಿ ಆದದ್ದರಿಂದ ಬಹಿರಂಗ ವಿಚಾರಣೆ ನಡೆಯಲೇಬೇಕಿತ್ತು. ಗೊತ್ತಿದ್ದವರು ಯಾರು ಬೇಕಾದರೂ ಬಂದು ಹೇಳಿಕೆ ಕೊಡಬಹುದು ಎಂದು ಪೇಪರಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಸಣ್ಣ ಅಕ್ಷರ ಓದುವುದು ಜರಡಿಗೆ ಅಭ್ಯಾಸವಾಗಿತ್ತು. ಮುದುಕಿಯನ್ನು ಕರೆದುಕೊಂಡು ಹೋದಳು.

ವಿಚಾರಣೆ ನಡೆಸುವವರು ಒಬ್ಬ ಹೆಂಗಸು, ನರೆತ ತಲೆ, ನೆಗಡಿ. ಒಂದು ಕಡೆ ಸಾಹೇಬರು, ಮಾಲೀಕ, ಮಾಲೀಕನ ವಕೀಲ. ಇನ್ನೊಂದು ಕಡೆ ಐವರ ಮನೆಯವರು. ಅವರು ಮುದುಕಿಯನ್ನು ಕಂಡು ಕುರ್ಚಿ ಸರಿಸಿಕೊಂಡರು. ಮೇಜಿನ ಮೇಲೆ ಮೊಹರು ಹಾಕಿದ ಚೀಲಗಳು. ಏಳನೆಯದು ಅಲ್ಲೇ ಇತ್ತು. ಅದನ್ನು ಕಳೆದುಹಾಕುವಂತಿರಲಿಲ್ಲ, ಅಪರಾಧಿ ಅದೇ ತಾನೆ.

"ಮೇಡಂ, ಇವಳು ಕಸ ಗುಡಿಸುವವಳು," ಎಂದ ವಕೀಲ.

"ಹೌದು," ಎಂದಳು ಜರಡಿ. "ಇದು ಸಿಕ್ಕಿದ್ದೂ ಕಸದಲ್ಲೇ."

ಚೀಲ ತೆರೆಸಿದಳು. ಆಮೇಲೆ ಮೂಲೆಯಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನಿನ ಬಳಿ ಹೋಗಿ, ಗೋಡೆಯ ಪ್ಲಗ್ಗು ತೋರಿಸಿದಳು. "ಇದು ಹೀಗೆ ಸಿಕ್ಕಿಸಿರುವಾಗ ಕೋಣೆ ತುಂಬ ಹೊಗೆಯಾದ್ರೆ, ಪಿನ್ನಿಗೆ ಹೊಗೆ ಹೇಗೆ ತಾಗುತ್ತೆ ಮೇಡಂ?" ಪ್ಲಗ್ಗು ಕಿತ್ತಳು. ಫ್ಯಾನು ನಿಂತಿತು. "ಹೀಗೆ ಹೊರಗಿದ್ರೆ ಮಾತ್ರ ತಾಗುತ್ತೆ. ಈಗ ಅದನ್ನ ನೋಡಿ."

ಅಧಿಕಾರಿ ಕರಿ ಪ್ಲಗ್ಗನ್ನು ಕೈಗೆ ತೆಗೆದುಕೊಂಡರು. ಉಗುರಿನಲ್ಲಿ ಪಿನ್ನಿನ ತುದಿ ಕೆರೆದರು. ನಡು ಕೆರೆದರು. ಬುಡ ಕೆರೆದರು. ಉಗುರು ಕಪ್ಪಾಯಿತು. ಹಿಡಿಕೆಗೆ ಸುತ್ತಿದ ತಾಮ್ರ ನೋಡಿದರು. ಫ್ಯಾನಿಲ್ಲದೆ ಎಲ್ಲರೂ ಬೆವರುತ್ತಿದ್ದರು. ಮತ್ತೆ ಸಿಕ್ಕಿಸು ಎಂದು ಯಾರೂ ಹೇಳಲಿಲ್ಲ.

"ಇವಳು ಹೇಳ್ತಿರೋದು ಸರಿಯೇನ್ರೀ?" ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ತಾತ್ವಿಕವಾಗಿ ಸರಿ," ಎಂದರು.

"ನಿಮ್ಮ ವರದಿ?"

"ಅದು ಪಟ್ಟಿಯನ್ನು ಆಧರಿಸಿದೆ."

"ಪಟ್ಟಿ?"

"ಅದಕ್ಕೆ ಸಾಕ್ಷಿಯ ಹೆಬ್ಬೆಟ್ಟು ಇದೆ."

ಐವರ ಮನೆಯವರ ಸಾಲಿನಿಂದ ಒಬ್ಬ ಮುದುಕ ಎದ್ದು ಬಂದ. ಸತ್ತ ಒಬ್ಬಳ ಮಾವ. ಪ್ಲಗ್ಗನ್ನು ಹತ್ತಿರದಿಂದ ನೋಡಿದ. ಹೋಗಿ ಮುದುಕಿಯ ಪಕ್ಕದ ಕುರ್ಚಿಯಲ್ಲಿ ಕೂತ.

ಹನ್ನೊಂದನೆಯ ಚೀಲದ ಬಗ್ಗೆಯೂ ಜರಡಿ ಹೇಳಿದಳು. ಫ್ಯೂಸು, ಅದರ ದಪ್ಪ ತಾಮ್ರ, ಒಳಗಿನಿಂದ ಬೆಂದ ವಯರು, ತುದಿಯ ಗುಂಡು. ಅಂಥ ಚೀಲ ದಾಖಲೆಯಲ್ಲಿ ಇಲ್ಲ ಎಂದ ವಕೀಲ. ಇಲ್ಲದ ಚೀಲವನ್ನು ತೆರೆಯಲು ಬರುವುದಿಲ್ಲ.

"ಮತ್ತೇನಾದ್ರೂ ಹೇಳೋದಿದ್ಯಾ?" ಎಂದರು ಅಧಿಕಾರಿ.

"ಇದೆ. ಚಹಾ ಅಂಗಡಿಯವನದು." ಹೇಳಿದಳು. ಒಲೆಯ ತಿರುಪು, ಪಟ್ಟಿ, ಓದಿದ್ದು, ಒತ್ತಿದ್ದು.

ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದ. ಅಧಿಕಾರಿ ಮೂಗು ಒರೆಸಿಕೊಂಡರು. "ಅದು ಈ ವಿಚಾರಣೆಗೆ ಸಂಬಂಧಪಟ್ಟಿದ್ದಲ್ಲಮ್ಮ."

"ನನಗೆ ಸಂಬಂಧಪಟ್ಟಿದ್ದು. ಬರ್ಕೊಳ್ಳಿ."

"ಬರ್ಕೊಂಡ್ರೆ ನಿನ್ನ ಮೇಲೇ ಕೇಸಾಗುತ್ತೆ."

"ಅವನು ಒಳಗೆ ಎರಡು ವರ್ಷ ಕಳೆದ. ಬರ್ಕೊಳ್ಳಿ."

ಬರೆದುಕೊಂಡರು.

ತೀರ್ಮಾನ ಬರಲು ಐದು ತಿಂಗಳಾಯಿತು. ಇಸ್ತ್ರಿಯವಳ ತಪ್ಪೇನೂ ಇಲ್ಲ ಎಂದಾಯಿತು. ಬೆಂಕಿಯ ಕಾರಣ 'ಗೊತ್ತಾಗಿಲ್ಲ' ಎಂದಾಯಿತು. ಬೀಗ ಹಾಕಿದ್ದಕ್ಕೆ ಕಾರ್ಖಾನೆಯ ಮೇಸ್ತ್ರಿ ಹೊಣೆ. ಬೀಗ ತೆಗೆಯಲು ಹೋಗಿ ಅವನೂ ಆ ಬೆಂಕಿಯಲ್ಲೇ ಬೆಂದು ಆಸ್ಪತ್ರೆಯಲ್ಲಿದ್ದ. ಸಾಹೇಬರು ಗೌರವದಿಂದ ನಿವೃತ್ತರಾದರು. ಮಾಲೀಕನ ಮೇಲೆ ಏನೂ ಬರಲಿಲ್ಲ. ಕೇಸು ಬಿದ್ದದ್ದು ಒಬ್ಬಳ ಮೇಲೆ, ಚಹಾದವನ ಪಟ್ಟಿಗೆ ಸುಳ್ಳು ಸಾಕ್ಷಿ ಹಾಕಿದ್ದಕ್ಕೆ.

ಚಹಾದವನಿಗೆ ಜಾಮೀನಾಯಿತು. ಕೋರ್ಟಿನ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದಾಗ ಅವಳು ತಾನು ಯಾರೆಂದು ಹೇಳಿದಳು. ಅವನು ಗೋಡೆ ನೋಡುತ್ತಾ ಹೇಳಿದ: "ಎರಡು ವರ್ಷ ಸಾಹೇಬನ್ನ ಬೈದೆ, ಪೊಲೀಸನ್ನ ಬೈದೆ, ಜಡ್ಜನ್ನ ಬೈದೆ. ನೀನು ಅಂತ ಒಬ್ಬಳು ಇದ್ದೀಯ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಿನ್ನನ್ನೂ ಬೈತಿದ್ದೆ."

"ಈಗ ಬೈಯಿ," ಎಂದಳು.

ಅವನು ಬೈದ. ಅವಳು ಪೂರ್ತಿ ಕೇಳಿದಳು. ಕ್ಷಮಿಸು ಎನ್ನಲಿಲ್ಲ. ಅವನೂ ಕ್ಷಮಿಸಲಿಲ್ಲ.

ಅಷ್ಟರಲ್ಲಿ ಮಾಲೀಕ ಎರಡು ಬೀದಿ ಆಚೆ ಹೊಸ ಕಾರ್ಖಾನೆ ತೆರೆದಿದ್ದ. ಬೇರೆ ಕಟ್ಟಡ, ಬೇರೆ ಯಂತ್ರ, ಹೆಂಗಸರಲ್ಲಿ ಮಾತ್ರ ಬಹುಪಾಲು ಹಳಬರೇ. ಬೇರೆಲ್ಲಿಗೆ ಹೋಗುತ್ತಾರೆ? ಒಂದು ಬೆಳಿಗ್ಗೆ ಮುದುಕಿ ಜರಡಿಯ ಮನೆಗೆ ಬಂದಳು. ಜೊತೆಗೆ ಇಬ್ಬರು ಹೊಲಿಗೆಯವರು.

"ಅಕ್ಕಾ, ಅಲ್ಲಿನ ಬೋರ್ಡು ಮುಟ್ಟಿದ್ರೆ ಬಿಸಿ ಬಿಸಿ," ಎಂದಳು ಒಬ್ಬಳು. "ಮೇಸ್ತ್ರಿಗೆ ಹೇಳಿದ್ರೆ ಬಿಸಿಲಿಗೆ ಅಂತಾನೆ. ಬೋರ್ಡಿರೋದು ಒಳಗೆ. ನೀನು ಬಂದು ನೋಡ್ತೀಯಾ?"

ಅವಳು ಹೋದಳು. ಮೆಟ್ಟಿಲ ತುದಿಯಲ್ಲಿ ಹೊಸ ಮೇಸ್ತ್ರಿ ತಡೆದ. "ಯಾರು ನೀನು?"

"ಕಸ ಗುಡಿಸುವವಳು."

"ಇವತ್ತು ಕಸ ಇಲ್ಲ, ಹೋಗು."

ಆಗ ಒಳಗೆ ನಲವತ್ತು ಹೆಂಗಸರು ಎದ್ದು ನಿಂತರು. ಯಾರೂ ಕೂಗಲಿಲ್ಲ. ಯಂತ್ರಗಳ ಪಕ್ಕ ಕೈಕಟ್ಟಿ ನಿಂತರು, ಅಷ್ಟೆ. ಗದ್ದಲಕ್ಕೆ ಒಗ್ಗಿದ ಆ ಕೋಣೆಯಲ್ಲಿ ಬೀದಿಯ ಸೈಕಲ್ಲಿನ ಗಂಟೆ ಕೇಳಿಸಿತು. ಮೇಸ್ತ್ರಿ ಮಾಲೀಕನಿಗೆ ಫೋನು ಮಾಡಿದ. ಕೂರಿಸು ಎಂದ ಮಾಲೀಕ. ಕೂರಿ ಎಂದ ಮೇಸ್ತ್ರಿ.

"ಬೋರ್ಡು ಬಿಚ್ಚಲಿ, ಕೂರ್ತೀವಿ," ಎಂದಳು ಒಬ್ಬಳು.

"ಎಲ್ಲರನ್ನೂ ಕೆಲಸದಿಂದ ತೆಗೀತಾರೆ ನೋಡಿ."

"ತೆಗೀಲಿ. ಹೋದ ಸಲ ಹೊರಗೆ ಹೋಗೋಕೇ ಬಿಡ್ಲಿಲ್ಲವಲ್ಲ."

ಒಂದು ಗಂಟೆಯಾಯಿತು. ಕೈಕಟ್ಟಿದವರು ಕೈ ಬಿಚ್ಚಲಿಲ್ಲ. ಇಸ್ತ್ರಿಯವಳ ತಾಯಿ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದಂತೆ, ಕೂತಿದ್ದಳು. ಇನ್ನೊಂದು ಅರ್ಧ ಗಂಟೆಗೆ ಫೋನಿನಲ್ಲಿ ಏನೋ ಹೇಳಿಸಿಕೊಂಡ ಮೇಸ್ತ್ರಿ, ಸ್ಕ್ರೂಡ್ರೈವರ್ ತಂದು ಜರಡಿಯ ಮುಂದೆ ನೆಲದ ಮೇಲೆ ಎಸೆದ.

ಅವಳು ಎತ್ತಿಕೊಂಡು ಮೇನ್ ಆರಿಸಿದಳು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದಳು. ಒಂದು ಕ್ಷಣ ಏನೂ ಗುರುತು ಹತ್ತಲಿಲ್ಲ. ಪಿಂಗಾಣಿ ಬೆಳ್ಳಗಿತ್ತು. ವಯರುಗಳು ಕೆಂಪು, ಹಸಿರು, ಹಳದಿ. ಹತ್ತೊಂಬತ್ತು ವರ್ಷದಲ್ಲಿ ಸುಡದೆ ಇರುವ ಬೋರ್ಡನ್ನು ಅವಳು ನೋಡಿದ್ದು ಅದೇ ಮೊದಲು. ಇಷ್ಟೊಂದು ಬಣ್ಣ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಫ್ಯೂಸನ್ನು ಎಳೆದು ಬೆಳಕಿಗೆ ಹಿಡಿದಳು. ಊದುಬತ್ತಿ ದಪ್ಪದ ತಾಮ್ರ. ಅದನ್ನು ಬಿಚ್ಚಿ ಮೊದಲ ಸಾಲಿನವಳ ಕೈಗೆ ಕೊಟ್ಟಳು. ಅವಳು ನೋಡಿ ಪಕ್ಕದವಳಿಗೆ ಕೊಟ್ಟಳು. ಹಾಗೇ ಒಬ್ಬೊಬ್ಬರ ಕೈಗೂ ಹೋಯಿತು. ಯಾರೂ ಕೂರಲಿಲ್ಲ.